ಮೂರು ಗುರುತು

ಜೂನ್ 4, ಮಂಗಳವಾರ

ನಮ್ಮ ಶೆಡ್ಡಿನಿಂದ ಹೊರಗೆ ಹೋಗುವ ಬುಗುಟಿ ಸೊಪ್ಪಿನಲ್ಲಿ ಯಾರೋ ಅದರಂತೆಯೇ ಕಾಣುವ ಒಂದುತುಟಿ ಎಂಬ ಕಾಡುಸೊಪ್ಪು ಬೆರೆಸುತ್ತಿದ್ದಾರೆ. ಅದನ್ನು ಕುದಿಸಿ ಕುಡಿದ ಹೆಂಗಸೊಬ್ಬಳ ಕಣ್ಣು ಹಳದಿಯಾಗಿದೆ. ಇದು ಅಪರಾಧ. ಇದಕ್ಕೆ ಇನ್ನೂ ಮೆತ್ತಗಿನ ಹೆಸರು ಹುಡುಕುವವರೂ ಅಪರಾಧಿಗಳೇ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಸ್ ಕಂಡಕ್ಟರ್ ನಮ್ಮ ಪೊಟ್ಟಣ ಹಿಡಿದುಕೊಂಡು ಬಂದ. "ನಿದ್ದೆಗೆ ಒಳ್ಳೇದು ಅಂತ ಎರಡು ತಿಂಗಳಿಂದ ನಮ್ಮಮ್ಮಂಗೆ ಇದನ್ನೇ ಕುದಿಸಿ ಕೊಟ್ಟೆ. ಈಗ ಕಣ್ಣು ನೋಡಿದ್ರೆ ಅರಿಶಿನ ಹಚ್ಚಿದ ಹಾಗಿದೆ. ಏನು ಕುಡಿಸ್ತಿದ್ದೀರಿ ಅಂತ ಡಾಕ್ಟರು ಕೇಳ್ತಾರೆ. ಏನ್ ಹೇಳ್ಲಿ? ಈ ಚೀಟಿ ಬರೆದಿರೋರು ಯಾರು?"

ಚೀಟಿಯಲ್ಲಿದ್ದುದು ನನ್ನ ಅಕ್ಷರ. ಪ್ರತಿ ಪೊಟ್ಟಣದ ಮೇಲೂ ನನ್ನದೇ ಅಕ್ಷರ. ಗುಡ್ಡದಿಂದ ಕೊಯ್ಯುವವರು ಸೊಪ್ಪಿನ ಕಟ್ಟು ತರುತ್ತಾರೆ, ಮೇಸ್ತ್ರಿ ತೂಗುತ್ತಾರೆ, ಆರಿಸುವ ಮೇಜಿನ ಇಬ್ಬರು ಹೆಂಗಸರು ಕಸಕಡ್ಡಿ ತೆಗೆಯುತ್ತಾರೆ, ಸೊಪ್ಪು ಚೌಕಟ್ಟುಗಳ ಮೇಲೆ ಒಣಗುತ್ತದೆ, ಕೊನೆಗೆ ನಾನು ಚೀಟಿ ಬರೆಯುತ್ತೇನೆ. ಅಂದರೆ ಸುಳ್ಳಿಗೆ ಸಹಿ ಹಾಕಿದವಳು ನಾನು, ಸುಳ್ಳು ಹೇಳಿದವರು ಬೇರೆ ಯಾರೋ.

ದೊಡ್ಡಮ್ಮ ಆರಿಸುವ ಮೇಜಿನಿಂದ ಎದ್ದು ಬಂದು ಆ ಪೊಟ್ಟಣದಿಂದ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡಳು. ಹೆಬ್ಬೆರಳಿನಿಂದ ಹರಡಿದಳು, ಉಫ್ ಎಂದು ಊದಿದಳು. "ಇದ್ರಲ್ಲಿ ಒಂದುತುಟಿ ಇದೆ. ಇದನ್ನ ಇನ್ನು ಕುಡಿಸ್ಬೇಡಪ್ಪಾ. ಈ ಪೊಟ್ಟಣ ಡಾಕ್ಟರಿಗೇ ತೋರ್ಸು" ಎಂದಳು.

ಒಂದೇ ಉಸಿರಿನಲ್ಲಿ ಹೇಗೆ ಗೊತ್ತಾಯಿತು? ಒಣಗಿ ಪುಡಿಯಾದ ಮೇಲೆ ಎರಡೂ ಒಂದೇ ಬಣ್ಣ, ಒಂದೇ ಕಡ್ಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಅವಳು ನನ್ನ ತಾಯಿಯ ಅಕ್ಕ. ನಾನಿರುವುದು ಅವಳ ಮನೆಯಲ್ಲಿ. ಅದು ಲೆಕ್ಕಕ್ಕೆ ಬರಬಾರದು.

ಅನುಮಾನದವರ ಪಟ್ಟಿ: ಶೆಡ್ಡಿನ ಯಜಮಾನರು, ಮೇಸ್ತ್ರಿ, ಮೂಟೆ ಒಯ್ಯುವ ಲಾರಿಯವನು, ಆರಿಸುವ ಮೇಜಿನ ಕನ್ನಡಕದಕ್ಕ, ದೊಡ್ಡಮ್ಮ.

ಜೂನ್ 6, ಗುರುವಾರ

ಬೆರಕೆ ಮಾಡುವುದರಿಂದ ಯಾರಿಗೆ ಲಾಭ ಎಂದು ಯೋಚಿಸಿದೆ. ನನ್ನ ಹತ್ತಿರವಿರುವ ಕಿರುಹೊತ್ತಿಗೆಯೊಂದರಲ್ಲಿ ಒಂದು ಮಾತಿದೆ: ಸೌಲಭ್ಯ ಕಳೆದುಕೊಂಡವರು ಸುಮ್ಮನೆ ಕೂರುವುದಿಲ್ಲ.

ಇಲ್ಲಿ ಕಳೆದುಕೊಂಡವರು ಯಾರು? ಆರಿಸುವ ಮೇಜಿನವರು. ಮಾರ್ಚ್‌ವರೆಗೆ ಇಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಮರೆಯದಂತೆ ಬರೆದಿಡುತ್ತೇನೆ. ಕೊಯ್ಯುವವರು ಮೂರು ಗಂಟೆ ಇಳಿಜಾರು ಇಳಿದು ಕಟ್ಟು ಹೊತ್ತು ತರುತ್ತಿದ್ದರು. ಮೇಜಿನವರು ಕಟ್ಟು ಎತ್ತಿ, ಒಂದು ಕಡ್ಡಿ ತಿರುವಿ, "ಇದಲ್ಲ" ಎಂದು ಪಕ್ಕಕ್ಕೆ ಎಸೆಯುತ್ತಿದ್ದರು. ಯಾಕಲ್ಲ ಎಂದು ಕೇಳಿದರೆ ಉತ್ತರವಿಲ್ಲ. ಅರವತ್ತು ವರ್ಷದ ಮುದುಕ ತಿರುಗಿ ಗುಡ್ಡ ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗುಟ್ಟಾಗಿ ಇಟ್ಟುಕೊಂಡ ಜ್ಞಾನ ಒಂದು ಬಗೆಯ ದೊಣ್ಣೆ. ಅದನ್ನು ಕಿತ್ತುಕೊಳ್ಳಲೆಂದೇ ನಾನು ಕರಪತ್ರ ಬರೆದೆ. ಗ್ರಂಥಾಲಯದಲ್ಲಿ ಕೂತು ಸಸ್ಯಗಳ ಪುಸ್ತಕ ತೆಗೆದು, ಬುಗುಟಿಯದು ಪುದೀನದ ವಂಶ ಎಂದು ಖಚಿತ ಮಾಡಿಕೊಂಡು, ಯಾರಿಗಾದರೂ ಅರ್ಥವಾಗುವ ಮೂರು ಗುರುತು ಕೊಟ್ಟೆ. ಒಂದು, ಕಾಂಡ ಬೆರಳ ನಡುವೆ ಹೊರಳಿಸಿದರೆ ಚೌಕ. ಎರಡು, ಎಲೆಗಳು ಎದುರುಬದುರು ಜೋಡಿ. ಮೂರು, ಉಜ್ಜಿದರೆ ಘಾಟು. ಈ ಮೂರಿರುವ ಕಟ್ಟನ್ನು ಯಾರೂ ಹಿಂದಿರುಗಿಸುವಂತಿಲ್ಲ ಎಂಬ ನಿಯಮಕ್ಕೆ ಯಜಮಾನರಿಂದ ಸಹಿ ಹಾಕಿಸಿದೆ. ಅವರು ಓದದೆಯೇ ಸಹಿ ಹಾಕಿದರು. ಅದೂ ಅನುಮಾನಕ್ಕೆ ಕಾರಣವೇ. ಅಂದಿನಿಂದ ಶೆಡ್ಡಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು "ಕರಪತ್ರ" ಎಂದೇ.

ಆ ದಿನ ದೊಡ್ಡಮ್ಮ ಹೇಳಿದ್ದು: "ಮೂರು ಗುರುತು ಅವರ ಇಡೀ ವಂಶಕ್ಕೇ ಇದೆ ಕಣೇ. ಅಣ್ಣತಮ್ಮಂದಿರಿಗೆಲ್ಲ ಒಂದೇ ಮೂಗು ಇರೋವಾಗ, ಮೂಗು ನೋಡಿ ಮದುಮಗ ಯಾರು ಅಂತ ಹೇಳಕ್ಕಾಗುತ್ತಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಧಿಕಾರ ಹೋದವರು ಮೊದಲು ತಮಾಷೆ ಮಾಡುತ್ತಾರೆ, ಆಮೇಲೆ ಹಾಳುಗೆಡವುತ್ತಾರೆ.

ಜೂನ್ 8, ಶನಿವಾರ

ಸಿಕ್ಕಿತು.

ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಎಲ್ಲರೂ ಬಾವಿಕಟ್ಟೆಯ ಕಡೆ ಹೋದರು. ದೊಡ್ಡಮ್ಮ ಹೋಗಲಿಲ್ಲ. ನಾನು ಒಣಗುಚೌಕಟ್ಟುಗಳ ಹಿಂದೆ ನಿಂತು ನೋಡಿದೆ. ಬೆಳಿಗ್ಗೆ ಆಗಲೇ ಒಳ್ಳೆಯದೆಂದು ದಾಟಿಸಿದ ರಾಶಿಯನ್ನು ಅವಳು ಮತ್ತೆ ಎಳೆದುಕೊಂಡಳು. ಕಡ್ಡಿ ಕಡ್ಡಿಯಾಗಿ ನೋಡಿ, ಕೆಲವನ್ನು ಆರಿಸಿ ತನ್ನ ಬಟ್ಟೆಚೀಲಕ್ಕೆ ತುಂಬಿದಳು. ಮುಖದಲ್ಲಿ ಭಯವಿತ್ತು. ಅಲ್ಲ, ಭಯವಲ್ಲ, ಅವಸರ. ಸಂಜೆ ಆ ಚೀಲ ಹಿಡಿದು ಮುಂಬಾಗಿಲು ಬಿಟ್ಟು ಹಿಂದಿನ ಅಂಗಳದ ದಾರಿಯಲ್ಲಿ ಹೋದಳು.

ಮನೆಯಲ್ಲಿ ಕೇಳಿದೆ, "ಚೀಲದಲ್ಲಿ ಏನಿತ್ತು ದೊಡ್ಡಮ್ಮ?"

"ನಿನ್ನ ಪಾಲಿನ ತಲೆನೋವು."

"ಸರಿಯಾಗಿ ಹೇಳು."

"ಸರಿಯಾಗೇ ಹೇಳ್ದೆ. ನೀರು ಕಾದಿದೆ, ಸ್ನಾನ ಮಾಡ್ಕೋ. ತಲೆ ತುಂಬ ಸೊಪ್ಪಿನ ಧೂಳು."

ಚೌಕಟ್ಟಿನ ಹಿಂದೆ ನಿಂತದ್ದು ಅವಳಿಗೆ ಗೊತ್ತಾಗಿದೆಯೇ? ಧೂಳಿನ ಮಾತು ಎಚ್ಚರಿಕೆಯೇ? ಪಟ್ಟಿಯಿಂದ ಲಾರಿಯವನನ್ನು ತೆಗೆದೆ.

ಜೂನ್ 10, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆ. ಕಂಡಕ್ಟರನ ತಾಯಿ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಾರೆ. ತುಂಬ ಸಣ್ಣ ಹೆಂಗಸು. ಹಳದಿ ಕಣ್ಣು.

"ಶೆಡ್ಡಿನಿಂದ ಬಂದ್ಯಾ? ಆ ಚೀಟಿ ಬರಿಯೋಳು ನೀನೇನಾ?" ಎಂದರು.

ಹೌದೆಂದೆ.

"ಅಕ್ಷರ ಎಷ್ಟು ಚೆಂದ. ಅದನ್ನ ನೋಡೇ ನಂಬಿಕೆ ಬಂತು ನಂಗೆ."

ಕಳ್ಳರನ್ನು ಬಿಡುವುದಿಲ್ಲ.

ಜೂನ್ 11, ಮಂಗಳವಾರ

ಚೀಲ ಇವತ್ತು ಶೆಡ್ಡಿನ ಹಿಂದಿನ ಒಲೆಕೋಣೆಯಲ್ಲಿತ್ತು, ಸೌದೆಯ ಕೆಳಗೆ ತುರುಕಿತ್ತು. ಎರಡು ಹಿಡಿ ಸೊಪ್ಪು ತೆಗೆದೆ. ಕಾಂಡ ಹೊರಳಿಸಿದೆ: ಚೌಕ. ಎಲೆ: ಎದುರುಬದುರು. ಉಜ್ಜಿದೆ: ಘಾಟು ಮೂಗಿಗೆ ಹೊಡೆಯಿತು, ಮೇಜಿನ ಮೇಲಿನ ಸೊಪ್ಪಿಗಿಂತಲೂ ಜೋರು. ಮೂರಕ್ಕೆ ಮೂರು ಗುರುತು. ಅಂದರೆ ಅವಳು ಕದಿಯುತ್ತಿರುವುದು ರಾಶಿಯಲ್ಲಿನ ಅತ್ಯುತ್ತಮ ಬುಗುಟಿ! ಒಳ್ಳೆಯದನ್ನು ತೆಗೆದು, ಆ ಜಾಗಕ್ಕೆ ಒಂದುತುಟಿ ಸುರಿದು, ತೂಕ ಸರಿ ಮಾಡಿ, ನಿಯಮವನ್ನೂ ನನ್ನನ್ನೂ ಹೆಸರುಗೆಡಿಸುವುದು. ಎಲ್ಲ ಕೂಡಿಕೊಂಡಿತು.

ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಎರಡು ಮಾದರಿ ಮಾಡಿದೆ. ಒಂದು ಚೀಲದ್ದು. ಇನ್ನೊಂದು, ದೊಡ್ಡಮ್ಮ ಮಧ್ಯಾಹ್ನ ಕೈಯಾಡಿಸಿದ ಮೇಲೆ ರಾಶಿಯಲ್ಲಿ ಉಳಿದದ್ದು. ಎರಡಕ್ಕೂ ನಾನೇ ಚೀಟಿ ಬರೆದು, ನಾನೇ ಅರಗು ಹಾಕಿ, ನಾನೇ ಪರೀಕ್ಷಾಲಯಕ್ಕೆ ರವಾನಿಸಿದೆ. ಯಾರ ಕೈಗೂ ಕೊಡಲಿಲ್ಲ. ಅಂಚೆಯವನ ಮೇಲೂ ಒಂದು ಕಣ್ಣಿಟ್ಟಿದ್ದೆ.

ಯಜಮಾನರಿಗೆ ದೂರು ಬರೆದೆ. ದೊಡ್ಡಮ್ಮನ ಹೆಸರು ಹಾಕಬೇಕೋ ಬೇಡವೋ ಎಂದು ಒಂದು ಗಂಟೆ ಕೂತಿದ್ದೆ. ರಕ್ತಸಂಬಂಧ ಎನ್ನುವುದು ಅನ್ಯಾಯ ಅಡಗಿ ಕೂರುವ ಮೊದಲ ಮನೆ. ಹಾಕಿದೆ.

ಜೂನ್ 13, ಗುರುವಾರ

ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಮೇಸ್ತ್ರಿ ದೊಡ್ಡಮ್ಮನಿಗೆ ಹೇಳಿದರು. ಮೂವತ್ತೊಂದು ವರ್ಷದಿಂದ ಅವಳು ಕೂರುವ ಮಣೆ. ಅದನ್ನು ಒರೆಸಿ, ಗೋಡೆಗೆ ಒರಗಿಸಿ, ಹೊರಟಳು. ಜಗಳವಾಡಲಿಲ್ಲ. ತಪ್ಪಿಲ್ಲದವರು ಜಗಳವಾಡುತ್ತಾರೆ.

ಸಂಜೆ ಪಾತ್ರೆ ತೊಳೆಯುತ್ತಿದ್ದಳು. ನಾನು ಒರೆಸುತ್ತಿದ್ದೆ.

"ದೂರು ಕೊಟ್ಟಿದ್ದು ಯಾರಂತೆ?" ಎಂದೆ. ಪರೀಕ್ಷಿಸಲೆಂದೇ ಕೇಳಿದ್ದು.

"ಹೆಸರು ಹೇಳ್ಲಿಲ್ಲ ಮೇಸ್ತ್ರಿ. ಅಕ್ಷರ ಮಾತ್ರ ತುಂಬ ಚೆನ್ನಾಗಿತ್ತಂತೆ."

ಲೋಟ ಕೈಜಾರಿತು. ಒಡೆಯಲಿಲ್ಲ, ಸ್ಟೀಲಿನದು. ಅವಳು ಬಗ್ಗಿ ಎತ್ತಿ ಮತ್ತೊಮ್ಮೆ ತೊಳೆದಳು.

ಜೂನ್ 14, ಶುಕ್ರವಾರ

ನನ್ನನ್ನು ಆರಿಸುವ ಮೇಜಿಗೆ ಕೂರಿಸಿದ್ದಾರೆ. "ಗುರುತು ಗೊತ್ತಿರೋಳು ನೀನೇ ಅಲ್ವೇನಮ್ಮಾ" ಎಂದರು ಮೇಸ್ತ್ರಿ. ಹೊಗಳಿಕೆಯೋ ಬಲೆಯೋ ತಿಳಿಯಲಿಲ್ಲ.

ಎದುರಿಗೆ ಕನ್ನಡಕದಕ್ಕ. ಅವಳ ಕನ್ನಡಕದ ಒಂದು ಕಾಲು ದಾರದ್ದು. ಇಪ್ಪತ್ತು ವರ್ಷದಿಂದ ದೊಡ್ಡಮ್ಮನ ಜೊತೆ ಕೂತವಳು, ಆದ್ದರಿಂದ ನಂಬುವಂತಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಒಂದು ಮಾತಾಡಿದಳು. ನಾನು ಮೂಟೆಗಳ ಹೊಲಿಗೆ, ಬಾಗಿಲ ಬೀಗ, ಅವಳ ಮಡಿಲು ಎಲ್ಲವನ್ನೂ ಕಣ್ಣಲ್ಲೇ ಅಳೆಯುತ್ತಿದ್ದುದನ್ನು ನೋಡಿ:

"ಕಾಮಾಲೆ ಬಂದಿರೋದು ಕಂಡಕ್ಟರ್ ಅಮ್ಮಂಗೆ. ಹಳದಿ ಕಾಣ್ತಿರೋದು ನಿಂಗೆ."

ಇದಕ್ಕೆ ಉತ್ತರ ಸಂಜೆ ಮನೆಗೆ ಬಂದ ಮೇಲೆ ಹೊಳೆಯಿತು, ಆದರೆ ಈಗ ಬರೆದಿಡುವಷ್ಟು ಚೆನ್ನಾಗಿ ಕಾಣುತ್ತಿಲ್ಲ.

ಜೂನ್ 17, ಸೋಮವಾರ

ಕನ್ನಡಕದಕ್ಕನನ್ನು ಹಿಡಿದೆ. ಒಂದು ಹಿಡಿ ಸೊಪ್ಪನ್ನು ಮಣೆಯ ಕೆಳಗೆ ಸರಿಸುತ್ತಿದ್ದಳು. ಎಳೆದು ನೋಡಿದರೆ ಮೂರೂ ಗುರುತಿನ ಸೊಪ್ಪು.

"ಇದನ್ನ ಯಾಕೆ ತೆಗೀತಿದ್ದೀರಿ?"

"ಇದಲ್ಲ ಅದು."

"ಯಾಕಲ್ಲ?"

ಬೆರಳನ್ನು ಬೆರಳಿಗೆ ಉಜ್ಜಿ ತೋರಿಸಿದಳು. "ಕೈಗೆ ಗೊತ್ತಾಗುತ್ತಮ್ಮ. ಬಾಯಲ್ಲಿ ಹೇಗೆ ಹೇಳ್ಲಿ?"

ನೋಡಿ, ಇದೇ ಆ ದೊಣ್ಣೆ. ಹಿಡಿ ಸೊಪ್ಪನ್ನು ರಾಶಿಗೆ ವಾಪಸ್ ಹಾಕಿದೆ. ಇವತ್ತಿಗೆ ನನ್ನ ಕೈಯಿಂದ ದಾಟಿದ್ದು ಹನ್ನೊಂದು ಮೂಟೆ. ಒಂದು ಕಟ್ಟನ್ನೂ ಹಿಂದಿರುಗಿಸಲಿಲ್ಲ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಲಾರಿ ಬಂದು ಒಯ್ಯುತ್ತದೆ.

ಸೋಪು ಹಾಕಿ ತೊಳೆದರೂ ಬೆರಳಿನ ಘಾಟು ಹೋಗುತ್ತಿಲ್ಲ. ಅನ್ನ ತಿನ್ನುವಾಗಲೂ ಅದೇ. ದೊಡ್ಡಮ್ಮನ ಕೈ ಮೊದಲೆಲ್ಲ ಹೀಗೆ ನಾರುತ್ತಿರಲಿಲ್ಲ. ಯಾಕೆ?

ಜೂನ್ 19, ಬುಧವಾರ

ಪರೀಕ್ಷಾಲಯದ ಉತ್ತರ ಬಂತು.

ದೊಡ್ಡ ದೊಡ್ಡ ಹೆಸರುಗಳನ್ನು ಬಿಟ್ಟು ನಮ್ಮ ಶೆಡ್ಡಿನ ಮಾತಿನಲ್ಲಿ ಹೇಳುವುದಾದರೆ: ಒಂದನೆಯ ಮಾದರಿ, ಅಂದರೆ ಚೀಲದ್ದು, ಪೂರ್ತಿ ಒಂದುತುಟಿ. ಬುಗುಟಿಯ ಒಂದು ಕಡ್ಡಿಯೂ ಇಲ್ಲ. ಎರಡನೆಯ ಮಾದರಿ, ಅಂದರೆ ದೊಡ್ಡಮ್ಮ ಕೈಯಾಡಿಸಿ ಉಳಿದದ್ದು, ಬುಗುಟಿ. ಅದರಲ್ಲಿ ಒಂದುತುಟಿ ಎರಡೇ ಕಡ್ಡಿ.

ಚೀಟಿಗಳು ಅದಲುಬದಲಾಗಿರಬೇಕು ಎಂದುಕೊಂಡೆ. ಅರಗಿನ ಮೇಲೆ ನನ್ನ ಹೆಬ್ಬೆಟ್ಟಿನ ಗುರುತಿತ್ತು ಎಂದು ಬರೆದಿದ್ದಾರೆ. ಪರೀಕ್ಷಾಲಯದವರನ್ನು ಯಾರೋ ಬುಟ್ಟಿಗೆ ಹಾಕಿಕೊಂಡಿರಬೇಕು ಎಂದುಕೊಂಡೆ. ಆದರೆ ನಮ್ಮ ಶೆಡ್ಡಿನ ಒಬ್ಬರ ಮುಖವೂ ಅವರಿಗೆ ಗೊತ್ತಿರಲಾರದು. ಯಾರ ಮೇಲೆ ಹೊರಿಸಲಿ ಎಂದು ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಪಟ್ಟಿಯನ್ನು ಮತ್ತೆ ತೆಗೆದೆ. ಒಂದೊಂದೇ ಹೆಸರು ಹೊಡೆದು ಹಾಕಿದೆ. ಪಟ್ಟಿ ಮುಗಿಯಿತು. ಪಟ್ಟಿ ಬರೆದ ಅಕ್ಷರ ಉಳಿಯಿತು.

ಕಾಗದದ ಕೆಳಗೆ ಪೆನ್ನಿನಲ್ಲಿ ಯಾರೋ ಒಂದು ಸಾಲು ಸೇರಿಸಿದ್ದರು: "ಇದನ್ನು ಆರಿಸಿ ಬೇರ್ಪಡಿಸಿದವರ ಕಣ್ಣು ಬಹಳ ಚೆನ್ನಾಗಿದೆ."

ಜೂನ್ 20, ಗುರುವಾರ

ಬೆಳಿಗ್ಗೆ ಕಾಗದವನ್ನು ದೊಡ್ಡಮ್ಮನ ಮುಂದಿಟ್ಟೆ. ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು ಎಂದು ಕಾಣುತ್ತದೆ.

"ದೂರು ಬರೆದಿದ್ದು ನಾನು."

"ಗೊತ್ತು. ನಿನ್ನ 'ಳ' ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ, ಬಾಲ ಸುತ್ತಿಕೊಂಡು ಕೂತ ಬೆಕ್ಕು. ಮೇಸ್ತ್ರಿ ಕಾಗದಾನೇ ತೋರ್ಸಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ? ಮೂರು ಗುರುತು ನೋಡಿ ಜನ ಒಂದುತುಟಿ ಕೊಯ್ದು ತರ್ತಿದಾರೆ ಅಂತ ಯಾಕೆ ಹೇಳ್ಲಿಲ್ಲ?"

"ಮಾರ್ಚ್‌ನಲ್ಲೇ ಹೇಳಿದ್ನಲ್ಲ, ಮದುಮಗನ ಮೂಗು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮನೆ ದೊಡ್ಡಮ್ಮನೂ ಅಷ್ಟೇ." ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು. "ಕಟ್ಟು ವಾಪಸ್ ಕಳ್ಸಿದ್ರೆ ನಿನ್ನ ಮಾತು ನಂಬಿ ಹೊತ್ಕೊಂಡು ಬಂದೋರ ಮುಂದೆ ನೀನು ಸುಳ್ಳಿ ಆಗ್ತಿದ್ದೆ. ತಗೊಂಡು, ಆಮೇಲೆ ಆರಿಸಿ ಒಲೆಗೆ ಹಾಕಿದ್ರಾಯ್ತು ಅಂದ್ಕೊಂಡೆ. ಒಬ್ಬಳ ಕೈಲಿ ಆಗ್ಲಿಲ್ಲ. ಕಂಡಕ್ಟರ್ ಅಮ್ಮ ಕುಡಿದಿದ್ದು ನನ್ನ ಕೈ ತಪ್ಪಿಸಿಕೊಂಡು ಹೋಗಿದ್ದು."

ಅದು ಅವಳ ತಪ್ಪಲ್ಲ ಎಂದೆ. ಅವಳು ಒಪ್ಪಲಿಲ್ಲ.

"ನೀನು ಹೇಳಿದ್ರಲ್ಲೂ ಒಂದು ನಿಜ ಇತ್ತು ಕಣೇ. ಮೂವತ್ತೊಂದು ವರ್ಷ 'ಇದಲ್ಲ, ಇದಲ್ಲ' ಅಂತ ಎಸೆದೆ. ಯಾಕಲ್ಲ ಅಂತ ಒಬ್ಬರಿಗೂ ತೋರಿಸ್ಲಿಲ್ಲ. ಯಾರೂ ಸರಿಯಾಗಿ ಕೇಳ್ಲೂ ಇಲ್ಲ ಅನ್ನು."

"ತೋರ್ಸು" ಎಂದೆ.

ಗುಡ್ಡದ ತಗ್ಗಿನ ತನಕ ನಡೆದೆವು. ಅಲ್ಲಿ ಎರಡೂ ಗಿಡ ಒಂದೇ ಮಡುವಿನ ಅಂಚಿನಲ್ಲಿ ಅಕ್ಕತಂಗಿಯರಂತೆ ನಿಂತಿವೆ. ಎರಡಕ್ಕೂ ಚೌಕ ಕಾಂಡ, ಜೋಡಿ ಎಲೆ. ಹೂವು ಇದ್ದರೆ ಮಾತ್ರ ಕಷ್ಟವಿಲ್ಲ: ಒಂದುತುಟಿಯ ಹೂವಿಗೆ ಮೇಲಿನ ತುಟಿಯೇ ಇಲ್ಲ, ಯಾರೋ ಕತ್ತರಿಸಿದಂತೆ. ಬುಗುಟಿಗೆ ಎರಡೂ ತುಟಿ ಇದೆ, ಮೇಲಿನದು ಟೋಪಿಯ ಹಾಗೆ ಬಾಗಿದೆ. ಹೂವು ಉದುರಿದ್ದರೆ ಅದು ಕೂತಿದ್ದ ಪುಟ್ಟ ಹಸಿರು ಬಟ್ಟಲನ್ನು ನೋಡಬೇಕು. ದೊಡ್ಡಮ್ಮ ನನ್ನ ಹೆಬ್ಬೆರಳನ್ನು ಹಿಡಿದು ಒಂದು ಬಟ್ಟಲ ಬೆನ್ನಿನ ಮೇಲೆ ಇಟ್ಟಳು.

ಉಬ್ಬು. ಬಿದ್ದ ಮಗುವಿನ ಹಣೆಯ ಮೇಲಿನ ಬುಗುಟಿನಂತೆ, ಸಾಸಿವೆಗಿಂತ ಸಣ್ಣದು.

ಇನ್ನೊಂದರ ಮೇಲೆ ಇಟ್ಟಳು. ಇಲ್ಲ. ಸುಮ್ಮನೆ ಐದು ಹಲ್ಲಿನ ಗಂಟೆ, ಬಾಯಿ ತೆರೆದುಕೊಂಡಿದೆ.

ಹೆಸರಲ್ಲೇ ಇತ್ತು. ಅಡ್ಡಹೆಸರುಗಳು ವಿಜ್ಞಾನವಲ್ಲ ಎಂದು ನಾನು ಅವುಗಳ ಅರ್ಥವನ್ನು ಕರಪತ್ರದಿಂದ ಬಿಟ್ಟಿದ್ದೆ. ಇನ್ನು ಘಾಟು. ಬುಗುಟಿಗೆ ವಾಸನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪುದೀನದ ವಂಶವೆಂದರೆ ಘಮ್ಮೆನ್ನಬೇಕು ಎಂದು ಪುಸ್ತಕದಲ್ಲಿ ಓದಿ ಬರೆದುಬಿಟ್ಟಿದ್ದೆ. ನನ್ನ ಮೂರು ಗುರುತು ಬುಗುಟಿಗಿಂತ ಒಂದುತುಟಿಗೇ ಹೆಚ್ಚು ಹೊಂದುತ್ತದೆ.

"ಕಣ್ಣು ಮುಚ್ಚು" ಎಂದಳು. ಇಪ್ಪತ್ತು ಕಡ್ಡಿ ಕೊಟ್ಟಳು. ಹದಿಮೂರು ಸರಿ ಹೇಳಿದೆ. ಇನ್ನೊಮ್ಮೆ. ಹದಿನಾರು. "ಪರವಾಗಿಲ್ಲ. ನಾನು ಮೊದಲ ವರ್ಷ ಬಟ್ಟಲಿನ ಯಾವ ಕಡೆ ಬೆನ್ನು ಅಂತಾನೇ ಗೊತ್ತಿಲ್ದೆ ಆರಿಸ್ತಿದ್ದೆ" ಎಂದಳು. ಸಮಾಧಾನಕ್ಕೆ ಹೇಳಿದಳೋ ಏನೋ. ಕೇಳಲಿಲ್ಲ.

ಮಧ್ಯಾಹ್ನ ಯಜಮಾನರ ಬಳಿ ಹೋದೆವು. ದೂರು ಹಿಂತೆಗೆದುಕೊಂಡೆ. ನಿಯಮ ತಪ್ಪೆಂದೆ. ಹನ್ನೊಂದು ಮೂಟೆಯಲ್ಲಿ ಎಷ್ಟು ಒಂದುತುಟಿ ಇದೆಯೋ ನನಗೇ ಗೊತ್ತಿಲ್ಲ, ಅವು ಹೋಗಕೂಡದು ಎಂದೆ. "ಲಾರಿ ಶನಿವಾರ ಹನ್ನೆರಡಕ್ಕೆ ಹೊರಡುತ್ತೆ. ಅಷ್ಟರೊಳಗೆ ಆರಿಸಿ ಮುಗಿಸಿದ್ದು ಹೋಗುತ್ತೆ, ಉಳಿದದ್ದು ಉಳೀಲಿ" ಎಂದರು. ಅದನ್ನು ಬರೆದು ಸಹಿ ಹಾಕಿ ಎಂದೆ. ಈ ಸಲ ಓದಿದ ಮೇಲೆ ಸಹಿ ಹಾಕಿದರು. ನಾನೂ ಅವರು ಓದುವುದನ್ನು ನೋಡುತ್ತ ನಿಂತಿದ್ದೆ.

ಮೂರು ಜನರ ಕೈಯಲ್ಲಿ ಹನ್ನೊಂದು ಮೂಟೆ ಆಗುವುದಿಲ್ಲ. ಕನ್ನಡಕದಕ್ಕ ಬೆರಳು ಮಡಚಿ ಎಣಿಸಿದಳು, ನಲವತ್ತು ಜನವಾದರೂ ಬೇಕು. ಕೊಯ್ಯುವವರನ್ನೆಲ್ಲ ಕರೆಯಬೇಕು. ನನ್ನ ಕರಪತ್ರ ಹಿಡಿದು ಗುಡ್ಡ ಹತ್ತಿದ ಅದೇ ಜನ. ಅವರ ಮುಂದೆ ನಿಂತು, ನಿಮಗೆ ನಾನು ಕೊಟ್ಟದ್ದು ತಪ್ಪು ಗುರುತು, ಅದರಿಂದ ಒಬ್ಬ ಹೆಂಗಸು ಹಾಸಿಗೆ ಹಿಡಿದಿದ್ದಾಳೆ ಎಂದು ಹೇಳಬೇಕು. ಬೈಯಬಹುದು. ಎದ್ದು ಹೋಗಬಹುದು. ಹೋದರೆ ಮೂರು ಜನ ಕೂತು ಎಷ್ಟಾಗುತ್ತದೋ ಅಷ್ಟು.

ಸಂಜೆ ಆಸ್ಪತ್ರೆಗೂ ಹೋಗಿ ಹೇಳಿ ಬಂದೆ. ಕಂಡಕ್ಟರ್ ಮುಖ ತಿರುಗಿಸಿಕೊಂಡ. ತಾಯಿ ನನ್ನ ಕೈ ಹಿಡಿದು ಮೂಸಿದರು. "ಇದೇ ವಾಸನೆ" ಎಂದರು.

ಹೊಸ ಕರಪತ್ರ ಬರೆದಿದ್ದೇನೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಪ್ರತಿ ಸಾಲೂ ಮೋಸ ಮಾಡುವಂತೆ ಕಾಣುತ್ತಿತ್ತು. ದೊಡ್ಡಮ್ಮನಿಗೆ ಓದಿ ಹೇಳಿದೆ. "ಗುರುತು ಯಾವುದನ್ನೂ ಬರೀಬೇಡ. ಬಾ ಅನ್ನು ಸಾಕು. ಇದು ಓದಿ ಬರೋ ವಿದ್ಯೆ ಅಲ್ಲ" ಎಂದಳು. ಉಳಿದದ್ದು ಇಷ್ಟು. ನಾಳೆ ಬೆಳಗಿನ ಬಸ್ಸಿನಲ್ಲಿ ಗುಡ್ಡದ ಕಡೆಗೆ ಒಯ್ಯುತ್ತೇನೆ. ಹೋಗುವ ದಾರಿಯಲ್ಲಿ ಅದೇ ಕಂಡಕ್ಟರ್ ಇರುತ್ತಾನೆ.

"ಹಿಂದಿನ ಕರಪತ್ರ ತಪ್ಪು. ಅದನ್ನು ಬರೆದವಳು ನಾನು. ಹನ್ನೊಂದು ಮೂಟೆ ಮತ್ತೆ ಆರಿಸಬೇಕು, ಬನ್ನಿ. ಬೆರಳಿಗೆ ಗೊತ್ತಾಗುವ ಗುರುತನ್ನು ದೊಡ್ಡಮ್ಮ ನಿಮ್ಮ ಕೈಗೇ ತೋರಿಸುತ್ತಾಳೆ. ಹೂವಿರುವ ಎರಡು ಕಡ್ಡಿ ಕಿತ್ತು ತನ್ನಿ, ಸರಿಯೋ ತಪ್ಪೋ ಎಂದು ಹೆದರಬೇಡಿ. ತೂಕದ ಶೆಡ್ಡಿನ ಮುಂದೆ, ಶನಿವಾರ, ಬೆಳಿಗ್ಗೆ ಏಳು ಗಂಟೆಗೆ."